ಗಾಜಿನ ತಟ್ಟೆಯಲ್ಲಿ ಕಳೆದ ಐದು ದಿನ!

ಒಂದು ಒಗಟು. ಬಿಡಿಸಿ ನೋಡೋಣ!

ನೆದರ್‌ಲ್ಯಾಂಡ್ಸ್‌ನ ಆರು ಐವಿಎಫ್ ಕೇಂದ್ರಗಳು. 836 ದಂಪತಿಗಳು. ಅಂಡಾಣು ತೆಗೆದರು. ವೀರ್ಯಾಣು ಸೇರಿಸಿದರು. ಗಾಜಿನ ತಟ್ಟೆಯಲ್ಲಿ ಭ್ರೂಣ ಮೂಡಿತು. ಕೆಲವೇ ದಿನಗಳಲ್ಲಿ ಅದನ್ನು ತಾಯಿಯ ಗರ್ಭಕೋಶಕ್ಕೆ ಬಿಟ್ಟರು. ಎಲ್ಲರಿಗೂ ಇದೇ ಕ್ರಮ.

ವ್ಯತ್ಯಾಸ ಒಂದೇ ಒಂದು! ತಟ್ಟೆಯಲ್ಲಿ ಭ್ರೂಣ ತೇಲುತ್ತಿದ್ದ ಪೋಷಕ ದ್ರವ. ಕೆಲವರಿಗೆ ಒಂದು ಬಗೆಯದು, ಉಳಿದವರಿಗೆ ಇನ್ನೊಂದು ಬಗೆಯದು. ಯಾರಿಗೆ ಯಾವುದು ಎಂಬುದನ್ನು ಅದೃಷ್ಟಕ್ಕೆ ಬಿಟ್ಟಿದ್ದರು.

ಒಂಬತ್ತು ತಿಂಗಳು ಕಳೆಯಿತು. ಮಕ್ಕಳು ಹುಟ್ಟಿದವು. ತೂಕ ಹಾಕಿದರು. ಒಂದು ಗುಂಪಿನ ಮಕ್ಕಳ ಸರಾಸರಿ ತೂಕ ಕಡಿಮೆ ಬಂತು!

ಎಷ್ಟು ಕಡಿಮೆ? ಊಹಿಸಿ. ಎರಡು ಗ್ರಾಂ? ಹತ್ತು ಗ್ರಾಂ? ತಪ್ಪು.

158 ಗ್ರಾಂ!

ಮತ್ತೊಮ್ಮೆ ಓದಿ. ಆ ದ್ರವ ಭ್ರೂಣವನ್ನು ಮುಟ್ಟಿದ್ದು ಬೆರಳೆಣಿಕೆಯ ದಿನ ಮಾತ್ರ. ಆಗ ಭ್ರೂಣಕ್ಕೆ ಹೃದಯವಿಲ್ಲ, ಬೆನ್ನಿಲ್ಲ, ರಕ್ತವಿಲ್ಲ. ಆಮೇಲೆ ಪೂರಾ ಒಂಬತ್ತು ತಿಂಗಳು ಅದು ತಾಯಿಯ ಊಟ ಉಂಡು ಬೆಳೆದಿದೆ. ಆದರೂ ಆ ಮೊದಲ ಹನಿಯ ನೆನಪು ತಕ್ಕಡಿಯ ಮೇಲೆ ಕಾಣಿಸಿಕೊಂಡಿತು! ಇದು 2016ರಲ್ಲಿ ಪ್ರಕಟವಾದ ಅಧ್ಯಯನ. ಓದಿದಾಗಿನಿಂದ ನನಗೆ ಈ ವಿಷಯ ಬಿಟ್ಟರೆ ಬೇರೆ ಮಾತಿಲ್ಲ.

ಹನಿ ದ್ರವ ತೂಕವನ್ನೇ ಬದಲಿಸಿತು ಎಂದರೆ, ವಂಶವಾಹಿಗಳಿಗೆ ಏನು ಮಾಡಿರಬಹುದು?

ಐವಿಎಫ್ ಕೇಂದ್ರದ ಬೆಂಚಿನಲ್ಲಿ ಕುಳಿತ ಪ್ರತಿಯೊಬ್ಬರ ಎದೆಯಲ್ಲೂ ಈ ಪ್ರಶ್ನೆ ಇದೆ. ಡಾಕ್ಟರ ಮುಂದೆ ಕೇಳಲು ಸಂಕೋಚ. ಹೊರಗೆ ಬಂದು ಅತ್ತಿಗೆಯ ಕಿವಿಯಲ್ಲಿ ಕೇಳುತ್ತಾರೆ: 'ಹಾಗೆ ಹುಟ್ಟಿದ ಮಗು ಚೆನ್ನಾಗಿರುತ್ತಾ?'

ಉತ್ತರ ಸಿಕ್ಕಿದೆ! ಅದೂ ಎಂಥ ಜಾಗಗಳಲ್ಲಿ! ಕುರಿ ದೊಡ್ಡಿಯಲ್ಲಿ. ಹಸುಗೂಸಿನ ಹಿಮ್ಮಡಿಯ ರಕ್ತದಲ್ಲಿ. ವಿಜ್ಞಾನಿಯೊಬ್ಬಳ ಸ್ವಂತ ಬಸಿರಿನಲ್ಲಿ. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು 1978. ಜುಲೈ 25, ರಾತ್ರಿ 11 ಗಂಟೆ 47 ನಿಮಿಷ. ಇಂಗ್ಲೆಂಡಿನ ಓಲ್ಡ್‌ಹ್ಯಾಂ ಆಸ್ಪತ್ರೆಯಲ್ಲಿ ಲೂಯಿ ಬ್ರೌನ್ ಎಂಬ ಹೆಣ್ಣುಮಗು ಸಿಸೇರಿಯನ್ ಮೂಲಕ ಹೊರಬಂದಳು. ತೂಕ 2.6 ಕೆ.ಜಿ. ಜಗತ್ತಿನ ಮೊದಲ ಪ್ರನಾಳ ಶಿಶು! ಇದನ್ನು ಸಾಧಿಸಿದ ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ ಹೆಸರು ನೀವು ಕೇಳಿರುತ್ತೀರಿ. ಆದರೆ ಆ ಭ್ರೂಣದ ಕೋಶಗಳು ಒಡೆದು ಬೆಳೆಯುತ್ತಿರುವುದನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ಕಂಡ ಕಣ್ಣು ಯಾರದು ಗೊತ್ತೇ? ಜೀನ್ ಪರ್ಡಿ ಎಂಬ ನರ್ಸ್! 2010ರಲ್ಲಿ ನೊಬೆಲ್ ಬರುವ ಹೊತ್ತಿಗೆ ಆಕೆ ಬದುಕಿರಲಿಲ್ಲ, 39ನೇ ವಯಸ್ಸಿಗೇ ತೀರಿಕೊಂಡಿದ್ದರು. ಪ್ರಶಸ್ತಿ ಪಡೆಯಲು ಉಳಿದವರು ಎಡ್ವರ್ಡ್ಸ್ ಒಬ್ಬರೇ.

ಹುಟ್ಟಿದ ಕೂಡಲೇ ಲೂಯಿಗೆ ಪರೀಕ್ಷೆಗಳ ಸುರಿಮಳೆ. ಒಂದಲ್ಲ, ಹತ್ತಲ್ಲ, ಅರವತ್ತಕ್ಕೂ ಹೆಚ್ಚು! ಎಲ್ಲಾದರೂ ಒಂದು ಊನ ಸಿಕ್ಕೀತೇ ಎಂದು. ಏನೂ ಸಿಗಲಿಲ್ಲ.

ಆದರೂ ಅನುಮಾನ ಹೋಗಲಿಲ್ಲ. ಈ ಮಕ್ಕಳಿಗೆ ಮುಂದೆ ಮಕ್ಕಳಾಗುತ್ತವೆಯೇ? ಲೂಯಿಯ ತಂಗಿ ನಟಾಲಿಯೂ ಐವಿಎಫ್ ಮಗುವೇ, ಜಗತ್ತಿನಲ್ಲಿ 40ನೆಯವಳು. ಆಕೆ 1999ರಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ಬಸಿರಾಗಿ ತಾಯಿಯಾದಳು! ಲೂಯಿಯೂ 2006ರಲ್ಲಿ ಸಹಜವಾಗಿಯೇ ಗಂಡುಮಗುವಿಗೆ ಜನ್ಮವಿತ್ತಳು.

ಇವತ್ತು ಜಗತ್ತಿನಲ್ಲಿ ಹೀಗೆ ಹುಟ್ಟಿದವರು ಎಷ್ಟು? ಹೇಳಿ ನೋಡೋಣ. ಹತ್ತು ಲಕ್ಷ? ಇಪ್ಪತ್ತು ಲಕ್ಷ?

1 ಕೋಟಿ 20 ಲಕ್ಷಕ್ಕೂ ಹೆಚ್ಚು!

ಎರಡನೆಯ ಮಗು ಎಲ್ಲಿ ಹುಟ್ಟಿತು ಎಂದು ಕೇಳಿದರೆ ಎಷ್ಟು ಜನ ಹೇಳುತ್ತಾರೋ! ಅಮೆರಿಕ ಅಲ್ಲ. ಆಸ್ಟ್ರೇಲಿಯ ಅಲ್ಲ. ನಮ್ಮ ಕೋಲ್ಕತ್ತ! 1978ರ ಅಕ್ಟೋಬರ್ 3. ಲೂಯಿ ಹುಟ್ಟಿ ಸರಿಯಾಗಿ 70 ದಿನ. ಮಗುವಿಗೆ ಲೋಕ ಇಟ್ಟ ಹೆಸರು ದುರ್ಗಾ. ಇದನ್ನು ಸಾಧಿಸಿದ ಡಾ. ಸುಭಾಷ್ ಮುಖರ್ಜಿ ಕೈಯಲ್ಲಿದ್ದದ್ದು ಸಾಮಾನ್ಯ ಸಲಕರಣೆಗಳು ಮಾತ್ರ. ಆದರೆ ಅವರು ಮಾಡಿದ್ದನ್ನು ಇಂಗ್ಲೆಂಡಿನವರೂ ಮಾಡಿರಲಿಲ್ಲ. ಭ್ರೂಣವನ್ನು 53 ದಿನ ಹೆಪ್ಪುಗಟ್ಟಿಸಿ ಇಟ್ಟು, ಆಮೇಲೆ ಗರ್ಭಕ್ಕೆ ಸೇರಿಸಿದ್ದರು! ಇವತ್ತು ಪ್ರತಿ ಐವಿಎಫ್ ಕೇಂದ್ರದಲ್ಲೂ ನಡೆಯುವ ಕೆಲಸ. 1978ರಲ್ಲಿ!

ಸರ್ಕಾರದ ಸಮಿತಿ ನಂಬಲಿಲ್ಲ. ಅವರನ್ನು ಕಣ್ಣಿನ ಚಿಕಿತ್ಸೆಯ ಸಂಸ್ಥೆಗೆ ವರ್ಗ ಮಾಡಿದರು. ಸಂತಾನೋತ್ಪತ್ತಿ, ಹಾರ್ಮೋನು ಬಲ್ಲವನಿಗೆ ಕಣ್ಣಿನ ವಿಭಾಗ! 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು.

ಈಗ ಕೇಳಿ, ಇಲ್ಲಿ ನಮ್ಮ ಬೆಂಗಳೂರು ಬರುತ್ತದೆ! ಡಾ. ಟಿ.ಸಿ. ಆನಂದಕುಮಾರ್. 1986ರ ಆಗಸ್ಟ್ 6ರಂದು ಮುಂಬೈಯಲ್ಲಿ ಹರ್ಷಾ ಹುಟ್ಟಿದಾಗ 'ಭಾರತದ ಮೊದಲ ಪ್ರನಾಳ ಶಿಶು'ವಿನ ಕೀರ್ತಿ ಪಡೆದವರು ಅವರೂ ಡಾ. ಇಂದಿರಾ ಹಿಂದುಜಾ ಅವರೂ. ಮುಂದೆ ಆನಂದಕುಮಾರ್ ಬೆಂಗಳೂರಿನಲ್ಲಿ ನೆಲೆಸಿದರು. ಸುಭಾಷ್ ಮುಖರ್ಜಿಯವರ ಕೈಬರಹದ ಟಿಪ್ಪಣಿಗಳನ್ನು ಒಂದೊಂದೇ ಓದಿದರು. 1997ರಲ್ಲಿ, ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಏನೆಂದು? ಮೊದಲಿಗ ನಾನಲ್ಲ, ಸುಭಾಷ್ ಮುಖರ್ಜಿ ಎಂದು! ತನ್ನ ತಲೆಯ ಕಿರೀಟ ತೆಗೆದು ಸತ್ತವನ ತಲೆಗೆ ಇಟ್ಟ ವಿಜ್ಞಾನಿ ನಿಮಗೆ ಇನ್ನೊಬ್ಬ ಗೊತ್ತೇ? ನನಗೆ ಗೊತ್ತಿಲ್ಲ.

ಹರ್ಷಾ 2016ರಲ್ಲಿ ತಾಯಿಯಾದಳು. ಹೆರಿಗೆ ಮಾಡಿಸಿದವರು ಯಾರು? ಅದೇ ಇಂದಿರಾ ಹಿಂದುಜಾ!

ಇನ್ನು ಹೆಪ್ಪುಗಟ್ಟಿಸುವ ಮಾತು. ದ್ರವ ಸಾರಜನಕದ ಶೈತ್ಯ ಮೈನಸ್ 196 ಡಿಗ್ರಿ. ಅಲ್ಲಿ ಭ್ರೂಣಕ್ಕೆ ವಯಸ್ಸೇ ಆಗುವುದಿಲ್ಲ. 2025ರ ಜುಲೈಯಲ್ಲಿ ಅಮೆರಿಕದಲ್ಲಿ ಒಂದು ಗಂಡುಮಗು ಹುಟ್ಟಿತು. ಆ ಭ್ರೂಣ ತಯಾರಾದದ್ದು ಯಾವಾಗ ಹೇಳಿ? 1994ರಲ್ಲಿ!

ಸರಿ. ಈಗ ಅಸಲು ಅಚ್ಚರಿಗೆ ಬರೋಣ. ನಿಧಾನವಾಗಿ ಓದಿ, ಇದು ನನ್ನನ್ನು ರಾತ್ರಿಯಿಡೀ ಎಚ್ಚರ ಇರಿಸಿದ ಭಾಗ.

ನಿಮ್ಮ ಡಿಎನ್‌ಎ ಎಂದರೆ ತಾಯಿಯಿಂದ ಬಂದ 300 ಕೋಟಿ ಅಕ್ಷರ, ತಂದೆಯಿಂದ ಬಂದ 300 ಕೋಟಿ ಅಕ್ಷರ. ಈ ಪುಸ್ತಕದ ಪುಟಗಳಿಗೆ ಅಲ್ಲಲ್ಲಿ ಸಣ್ಣ ಚೀಟಿ ಅಂಟಿಸಿದೆ ಎಂದುಕೊಳ್ಳಿ. 'ಈ ಪುಟ ಓದು', 'ಈ ಪುಟ ಓದಬೇಡ'. ಆ ಚೀಟಿಗಳೇ ಮೀಥೈಲ್ ಗುರುತುಗಳು. ಅಕ್ಷರ ಬದಲಾಗುವುದಿಲ್ಲ. ಓದುವ ಬಗೆ ಬದಲಾಗುತ್ತದೆ. ಯಕೃತ್ತಿನ ಕೋಶವೂ ಮಿದುಳಿನ ಕೋಶವೂ ಒಂದೇ ಪುಸ್ತಕ ಇಟ್ಟುಕೊಂಡು ಬೇರೆ ಬೇರೆ ಕೆಲಸ ಮಾಡುವುದು ಇದರಿಂದಲೇ.

ಹೊಸ ಜೀವ ಮೂಡಿದಾಗ ಪ್ರಕೃತಿ ಏನು ಮಾಡುತ್ತದೆ ಗೊತ್ತೇ? ಹಳೆಯ ಚೀಟಿಗಳನ್ನು ಬಹುಪಾಲು ಕಿತ್ತು ಹಾಕುತ್ತದೆ! ಮಗುವಿಗೆ ಹೊಸ ಲೆಕ್ಕ. ಆದರೆ ನೂರರ ಆಸುಪಾಸಿನ ಜೀನ್‌ಗಳಿಗೆ ಮಾತ್ರ ವಿನಾಯಿತಿ. ಅವುಗಳ ಗುರುತು ಉಳಿಯಲೇಬೇಕು. 'ನಾನು ಅಮ್ಮನ ಕಡೆಯದು', 'ನಾನು ಅಪ್ಪನ ಕಡೆಯದು' ಎಂದು ಅವು ನೆನಪಿಟ್ಟುಕೊಂಡಿರುತ್ತವೆ! ಒಂದು ಕಡೆಯದು ಎಚ್ಚರ, ಇನ್ನೊಂದು ಕಡೆಯದು ನಿದ್ದೆ. ಮಗು ಎಷ್ಟು ಬೆಳೆಯಬೇಕು ಎಂಬುದನ್ನು ಹಿಡಿತದಲ್ಲಿಡುವ ಕೆಲವು ಜೀನ್‌ಗಳು ಇವೇ.

ಈಗ ಹೇಳಿ. ಈ ಕಿತ್ತು ಹಾಕುವ ಮಹಾ ಕೆಲಸ ನಡೆಯುವುದು ಯಾವಾಗ?

ಮೊದಲ ಕೆಲವೇ ದಿನಗಳಲ್ಲಿ!

ಐವಿಎಫ್ ಭ್ರೂಣ ಆಗ ಎಲ್ಲಿರುತ್ತದೆ?

ಗಾಜಿನ ತಟ್ಟೆಯಲ್ಲಿ!

ನನಗೆ ಮೈ ಜುಮ್ಮೆಂದಿತು. ಜೀವನದ ಅತಿ ಸೂಕ್ಷ್ಮ ಹೊತ್ತು. ತಾಯಿಯ ನಾಳದ ಕತ್ತಲೆ ಇಲ್ಲ, ಅವಳ ಸ್ರಾವ ಇಲ್ಲ. 37 ಡಿಗ್ರಿಯ ಇಂಕ್ಯುಬೇಟರ್, ಎಣ್ಣೆಯ ಪದರದ ಕೆಳಗೆ ಒಂದು ಹನಿ ದ್ರವ, ಅದರಲ್ಲಿ ಬರಿಗಣ್ಣಿಗೆ ಕಾಣುವುದೋ ಇಲ್ಲವೋ ಎಂಬಷ್ಟು ಚಿಕ್ಕ ಚುಕ್ಕೆ. ಮೊದಲ ದಿನ ಒಂದು ಕೋಶ. ಎರಡನೇ ದಿನ ನಾಲ್ಕು. ಮೂರನೇ ದಿನ ಎಂಟು. ಐದನೇ ದಿನ ನೂರರ ಸುಮಾರು ಕೋಶಗಳ ಟೊಳ್ಳು ಚೆಂಡು. ಆ ಚೆಂಡಿನೊಳಗೆ ಒಂದು ಮೂಲೆಯಲ್ಲಿ ಗುಂಪಾಗಿ ಕೂತ ಕೆಲವೇ ಕೋಶಗಳು ಮಗುವಾಗುತ್ತವೆ. ಉಳಿದವು ಮಾಸು ಆಗುತ್ತವೆ.

ಅಲ್ಲಿ ಎಡವಟ್ಟಾದರೆ?

ಮೊದಲ ಎಚ್ಚರಿಕೆ ಬಂದದ್ದು ದನದ ಕೊಟ್ಟಿಗೆಯಿಂದ, ಕುರಿ ದೊಡ್ಡಿಯಿಂದ! 1990ರ ದಶಕ. ಪ್ರಯೋಗಾಲಯದಲ್ಲಿ ಬೆಳೆಸಿದ ಭ್ರೂಣಗಳಿಂದ ಹುಟ್ಟಿದ ಕೆಲವು ಕರುಗಳು, ಕುರಿಮರಿಗಳು ವಿಪರೀತ ದಪ್ಪ. ಕೆಲವು ಎರಡರಷ್ಟು ತೂಕ! ಹೆರಿಗೆಯೇ ಕಷ್ಟ. ನಾಲಗೆ ದೊಡ್ಡದು, ಒಳಾಂಗ ದೊಡ್ಡದು. ದ್ರವಕ್ಕೆ ಬೆರೆಸುತ್ತಿದ್ದ ಸೀರಂ ಮೇಲೆ ಅನುಮಾನ ಬಂತು. ಹುಡುಕುತ್ತಾ ಹೋದರೆ, 2001ರಲ್ಲಿ ಕುರಿಗಳಲ್ಲಿ ಸಿಕ್ಕಿಬಿತ್ತು: ಬೆಳವಣಿಗೆಗೆ ಕಡಿವಾಣ ಹಾಕುವ ಒಂದು ಜೀನ್‌ನ ಗುರುತು ಅಳಿಸಿಹೋಗಿತ್ತು!

ಮನುಷ್ಯರಲ್ಲಿ? ಉಸಿರು ಹಿಡಿದು ಕಾಯುತ್ತಿದ್ದ ವೈದ್ಯರಿಗೆ 2003ರ ಸುಮಾರಿಗೆ ಉತ್ತರ ಸಿಕ್ಕಿತು. ಬೆಕ್‌ವಿತ್-ವೀಡೆಮನ್ ಎಂಬ ಅಪರೂಪದ ಸ್ಥಿತಿ ಇದೆ. ಮಗು ದೊಡ್ಡದಾಗಿ ಹುಟ್ಟುತ್ತದೆ. ನಾಲಗೆ ಬಾಯಿ ತುಂಬುವಷ್ಟು ದೊಡ್ಡದು. ಕೆಲವು ಮಕ್ಕಳಲ್ಲಿ ಹೊಕ್ಕುಳಿನ ಜಾಗದಲ್ಲಿ ಕರುಳು ಹೊರಬಂದಿರುತ್ತದೆ. ಒಂದು ಕಾಲು ಇನ್ನೊಂದಕ್ಕಿಂತ ದಪ್ಪ ಇರಬಹುದು. ಕಾರಣ 11ನೇ ಕ್ರೋಮೋಸೋಮಿನಲ್ಲಿ ಹಾಳಾದ ಅದೇ ಗುರುತುಗಳು! ಸಹಜ ಗರ್ಭಗಳಲ್ಲಿ ಸುಮಾರು 13,700 ಮಕ್ಕಳಿಗೆ ಒಂದರಂತೆ ಇದು ಕಾಣುತ್ತದೆ.

ಐವಿಎಫ್ ಮಕ್ಕಳಲ್ಲಿ? ಹಲವು ಪಟ್ಟು ಹೆಚ್ಚು. ಕೆಲವು ಅಧ್ಯಯನಗಳಲ್ಲಿ ಹತ್ತು ಪಟ್ಟಿನವರೆಗೆ!

ಹೆದರಿದಿರಾ? ತಾಳಿ. ಹತ್ತು ಪಟ್ಟು ಎಂದೇ ಇಟ್ಟುಕೊಂಡು ಗುಣಿಸಿ. ಸಾವಿರ ಮಕ್ಕಳಲ್ಲಿ ಒಂದಕ್ಕೂ ಕಡಿಮೆ! ಉಳಿದ 999 ಮಕ್ಕಳಿಗೆ ಈ ತೊಂದರೆ ಮುಟ್ಟುವುದೇ ಇಲ್ಲ. ಮುಟ್ಟಿದ ಮಗುವಿಗೂ ದಾರಿ ಇದೆ. ಮೂತ್ರಪಿಂಡದಲ್ಲಿ ಗೆಡ್ಡೆ ಬರುವ ಅಪಾಯ ಇರುವುದರಿಂದ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡುತ್ತಾರೆ. ಬೇಗ ಹಿಡಿದರೆ ವಾಸಿ ಮಾಡುತ್ತಾರೆ.

ಆದರೆ ಉಳಿದ ಚೀಟಿಗಳ ಕಥೆ? ಕಾಯಿಲೆ ತರದಂಥ ಸಣ್ಣಪುಟ್ಟ ಏರುಪೇರುಗಳು? ಅವು ಮಗುವಿನ ಜೊತೆ ಬೆಳೆದು ಮುಪ್ಪಿನವರೆಗೂ ಉಳಿಯುತ್ತವೆಯೇ?

ಇದನ್ನು ತಿಳಿಯಲು ಒಬ್ಬನೇ ಮನುಷ್ಯನ ಹುಟ್ಟಿದ ದಿನಗಳ ರಕ್ತವೂ ಬೇಕು, ಮೂವತ್ತರ ವಯಸ್ಸಿನ ರಕ್ತವೂ ಬೇಕು. ಎಲ್ಲಿಂದ ತರುತ್ತೀರಿ? ಮೂವತ್ತು ವರ್ಷದ ಹಿಂದಿನ ಹಸುಗೂಸಿನ ರಕ್ತ ಯಾರ ಹತ್ತಿರ ಇದೆ?

ಮೆಲ್ಬರ್ನ್‌ನಲ್ಲಿ ಇತ್ತು!

ಹುಟ್ಟಿದ ಮಕ್ಕಳ ಹಿಮ್ಮಡಿಗೆ ಸೂಜಿ ಚುಚ್ಚಿ, ನಾಲ್ಕಾರು ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ಇಳಿಸುತ್ತಾರಲ್ಲ, ಆ ಗುತ್ರಿ ಕಾರ್ಡ್. ಅದರಲ್ಲಿ ಕಂದು ಬಣ್ಣಕ್ಕೆ ಒಣಗಿದ, ನಾಣ್ಯಕ್ಕಿಂತ ಚಿಕ್ಕದಾದ ವೃತ್ತಗಳು. ಆಸ್ಟ್ರೇಲಿಯದವರು ಅವನ್ನು ಎಸೆಯದೆ ದಶಕಗಳ ಕಾಲ ಜೋಪಾನ ಮಾಡಿದ್ದರು! ಸಂಶೋಧಕರು ಐವಿಎಫ್‌ನಿಂದ ಹುಟ್ಟಿ ಈಗ 22ರಿಂದ 35 ವರ್ಷದವರಾದ ಸುಮಾರು 150 ಮಂದಿಯನ್ನು ಹುಡುಕಿದರು. ಹೋಲಿಸಲು ಸಹಜವಾಗಿ ಹುಟ್ಟಿದವರನ್ನೂ ಕರೆದರು. ಇವತ್ತಿನ ರಕ್ತ ತೆಗೆದುಕೊಂಡರು. ಹಳೆಯ ಕಾರ್ಡಿನ ಚುಕ್ಕೆ ಕತ್ತರಿಸಿ ಡಿಎನ್‌ಎ ಹೊರತೆಗೆದರು. ಎರಡನ್ನೂ ಓದಿದರು.

ಫಲಿತಾಂಶ ಬಂದದ್ದು 2019ರಲ್ಲಿ. ಹುಟ್ಟಿದಾಗಿನ ರಕ್ತದಲ್ಲಿ ವ್ಯತ್ಯಾಸ ಇತ್ತು! ಹೌದು, ತಟ್ಟೆಯಲ್ಲಿ ಶುರುವಾದ ಬದುಕಿನ ಗುರುತು ಇತ್ತು. ಆದರೆ ದೊಡ್ಡವರಾದ ಮೇಲಿನ ರಕ್ತದಲ್ಲಿ?

ಬಹುಮಟ್ಟಿಗೆ ಮಾಯ!

ದೇಹ ತನ್ನನ್ನು ತಾನೇ ಸರಿಪಡಿಸಿಕೊಂಡಿತ್ತು. ಯಾವ ಔಷಧಿಯೂ ಇಲ್ಲದೆ. ಆಡುತ್ತಾ, ಓದುತ್ತಾ, ಬೆಳೆಯುತ್ತಾ! ಇಡೀ ವಿಷಯದಲ್ಲಿ ನನಗೆ ಅತಿ ದೊಡ್ಡ ಸುದ್ದಿ ಇದೇ. ಇದನ್ನು ಪ್ರತಿ ಐವಿಎಫ್ ಕೇಂದ್ರದ ಗೋಡೆಗೆ ದೊಡ್ಡಕ್ಷರದಲ್ಲಿ ಬರೆಸಬೇಕು.

ಚೀಟಿಯ ವಿಷಯ ಆಯಿತು. ಅಕ್ಷರಗಳ ವಿಷಯ?

ಇನ್ನೊಂದು ಒಗಟು. ನಿಮ್ಮಲ್ಲಿ, ನಿಮ್ಮ ತಂದೆಯಲ್ಲೂ ಇಲ್ಲದ, ತಾಯಿಯಲ್ಲೂ ಇಲ್ಲದ ಹೊಚ್ಚ ಹೊಸ ಅಕ್ಷರ ಬದಲಾವಣೆಗಳು ಎಷ್ಟಿವೆ? ಸೊನ್ನೆ ಎಂದಿರಾ? ಅಲ್ಲ. ಅರವತ್ತು, ಎಪ್ಪತ್ತು! ನನ್ನಲ್ಲೂ ಅಷ್ಟೇ, ಎದುರು ಮನೆಯ ಮಗುವಿನಲ್ಲೂ ಅಷ್ಟೇ. ಬಹುಪಾಲು ನಿರಪಾಯ.

ಅವು ಹೆಚ್ಚಾಗಿ ಯಾರಿಂದ ಬರುತ್ತವೆ? ವಯಸ್ಸಾದ ತಾಯಿಯಿಂದ ಎನ್ನುತ್ತೀರಿ ತಾನೆ? ಎಲ್ಲರೂ ಹಾಗೇ ಹೇಳುವುದು. ತಪ್ಪು! ಹೆಚ್ಚಿನವು ತಂದೆಯಿಂದ! ಐಸ್‌ಲ್ಯಾಂಡಿನಲ್ಲಿ 78 ಕುಟುಂಬಗಳ ಪೂರ್ಣ ಡಿಎನ್‌ಎ ಓದಿ 2012ರಲ್ಲಿ ಲೆಕ್ಕ ಹಾಕಿದರು. ತಂದೆಯ ವಯಸ್ಸು ಒಂದು ವರ್ಷ ಏರಿದರೆ ಮಗುವಿಗೆ ಸುಮಾರು ಎರಡು ಹೊಸ ಬದಲಾವಣೆ ಹೆಚ್ಚು. 25ರಲ್ಲಿ ಅಪ್ಪನಾಗುವುದಕ್ಕೂ 45ರಲ್ಲಿ ಅಪ್ಪನಾಗುವುದಕ್ಕೂ ನಲವತ್ತರ ಅಂತರ!

ಗಾಜಿನ ತಟ್ಟೆ ಇದಕ್ಕೆ ಎಷ್ಟು ಸೇರಿಸಿತು? ಡಚ್ ಸಂಶೋಧಕರು ಐವಿಎಫ್ ಮತ್ತು ಇಕ್ಸಿ (ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ವಿಧಾನ) ಮಕ್ಕಳ ಡಿಎನ್‌ಎ ಓದಿ ಹುಡುಕಿದರು. ಹೆಚ್ಚಳ ಸಿಗಲಿಲ್ಲ. ಎದ್ದು ಕಂಡದ್ದು ಮತ್ತೆ ತಂದೆಯ ವಯಸ್ಸೇ! ನಮ್ಮಲ್ಲಿ ಮದುವೆಯಾಗಿ ವರ್ಷವಾದರೆ ಸಾಕು, ಸೊಸೆಯ ವಯಸ್ಸು ಎಣಿಸುತ್ತಾರೆ. ಮಗನ ವಯಸ್ಸನ್ನೂ ಎಣಿಸಿ ಎಂದು ವಿಜ್ಞಾನ ಹೇಳುತ್ತಿದೆ.

ದಕ್ಷಿಣ ಆಸ್ಟ್ರೇಲಿಯದ್ದು ಇನ್ನೂ ದೊಡ್ಡ ಲೆಕ್ಕ. ಮೂರು ಲಕ್ಷಕ್ಕೂ ಹೆಚ್ಚು ಹೆರಿಗೆಗಳು! 2012ರಲ್ಲಿ ಪ್ರಕಟ. ಹುಟ್ಟಿನಿಂದ ಬಂದ ಊನಗಳು ಸಹಜ ಗರ್ಭದಲ್ಲಿ ನೂರಕ್ಕೆ 5.8, ನೆರವಿನಿಂದ ಆದ ಗರ್ಭದಲ್ಲಿ 8.3. 'ನೋಡಿದಿರಾ, ನಾನು ಹೇಳಿರಲಿಲ್ಲವೇ' ಎನ್ನುವವರು ಇಲ್ಲೇ ಪುಟ ಮುಚ್ಚುತ್ತಾರೆ. ಮುಚ್ಚಬೇಡಿ! ತಾಯಿಯ ವಯಸ್ಸು ಮತ್ತಿತರ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಸಾಮಾನ್ಯ ಐವಿಎಫ್‌ನ ವ್ಯತ್ಯಾಸ ಹೆಚ್ಚುಕಡಿಮೆ ಕರಗಿಹೋಯಿತು. ಇನ್ನೂ ಒಂದು ಸಂಗತಿ ಅದರಲ್ಲೇ ಅಡಗಿತ್ತು. ಸಂತಾನದ ತೊಂದರೆ ಇದ್ದು, ಯಾವ ಚಿಕಿತ್ಸೆಯೂ ಇಲ್ಲದೆ ತಾವಾಗಿ ಬಸಿರಾದವರ ಮಕ್ಕಳಲ್ಲೂ ಅಪಾಯ ಸ್ವಲ್ಪ ಹೆಚ್ಚೇ ಇತ್ತು! ತಟ್ಟೆಯನ್ನೇ ಕಾಣದ ಮಕ್ಕಳಲ್ಲಿ! ಅಂದರೆ ಬೇರು ಹಲವು ಸಲ ತಂದೆತಾಯಿಯರಲ್ಲೇ ಇದೆ.

ಆದರೆ ಇಕ್ಸಿಯಲ್ಲಿ ವ್ಯತ್ಯಾಸ ಕರಗಲಿಲ್ಲ. ಅದರ ಕಥೆಯೇ ಬೇರೆ.

ಇಕ್ಸಿ ಹುಟ್ಟಿದ್ದೇ ಒಂದು ಆಕಸ್ಮಿಕ! 1991, ಬ್ರಸೆಲ್ಸ್. ಜಾನ್‌ಪಿಯೆರೊ ಪಾಲೆರ್ಮೊ ಎಂಬ ಯುವ ವೈದ್ಯ ವೀರ್ಯಾಣುಗಳನ್ನು ಅಂಡಾಣುವಿನ ಹೊರಕವಚದ ಒಳಗೆ, ಅಂಚಿನಲ್ಲಿ ಬಿಡುತ್ತಿದ್ದರು. ಸೂಜಿ ಜಾರಿತು. ಅಂಡಾಣುವಿನ ಒಡಲೊಳಗೇ ನುಗ್ಗಿತು. ಅಂಡಾಣು ಸತ್ತಿತು ಎಂದುಕೊಳ್ಳುತ್ತೀರಿ. ಮರುದಿನ ನೋಡಿದರೆ ಫಲಿತಗೊಂಡಿತ್ತು! 1992ರಲ್ಲಿ ಮೊದಲ ಇಕ್ಸಿ ಮಗು ಹುಟ್ಟಿತು. ಕೋಟಿಗಟ್ಟಲೆ ವೀರ್ಯಾಣು ಬೇಕಿಲ್ಲ, ಒಂದೇ ಒಂದು ಸಾಕು. ಅಪ್ಪನಾಗುವ ಆಸೆ ಬಿಟ್ಟವರಿಗೆಲ್ಲ ಬಾಗಿಲು ತೆರೆಯಿತು.

ಆ ಬಾಗಿಲಲ್ಲೇ ಇನ್ನೊಂದು ವಿಷಯ ಒಳಬಂತು. ವೀರ್ಯಾಣು ತೀರಾ ಕಡಿಮೆ ಇರುವ ಕೆಲವು ಗಂಡಸರಲ್ಲಿ ವೈ ಕ್ರೋಮೋಸೋಮಿನ ಒಂದು ಸಣ್ಣ ತುಣುಕೇ ಇರುವುದಿಲ್ಲ. ಸಹಜವಾಗಿ ಆ ದೋಷ ಬಹುಮಟ್ಟಿಗೆ ಅವರಲ್ಲೇ ಮುಗಿಯುತ್ತಿತ್ತು. ಈಗ ಮಗ ಹುಟ್ಟುತ್ತಾನೆ. ಮಗನ ವೈ ಎಲ್ಲಿಂದ ಬರಬೇಕು? ಅಪ್ಪನಿಂದಲೇ! ಬಂಜೆತನ ಬಳುವಳಿಯಾಗಿ ಬರುತ್ತದೆ! ಬ್ರಸೆಲ್ಸ್‌ನವರು ತಮ್ಮ ಮೊದಲ ಇಕ್ಸಿ ಗಂಡುಮಕ್ಕಳು 18ರಿಂದ 22 ವರ್ಷದವರಾದಾಗ 54 ಮಂದಿಯನ್ನು ಪರೀಕ್ಷಿಸಿದರು. ವೀರ್ಯಾಣು ಮಿಲಿಲೀಟರಿಗೆ 1 ಕೋಟಿ 77 ಲಕ್ಷ. ಸಹಜವಾಗಿ ಹುಟ್ಟಿದ ಓರಗೆಯವರಲ್ಲಿ 3 ಕೋಟಿ 70 ಲಕ್ಷ. ಅರ್ಧಕ್ಕೂ ಕಡಿಮೆ! ಹುಡುಗರು ಆರೋಗ್ಯವಾಗಿದ್ದಾರೆ. ಆದರೆ ಈ ಸಂಗತಿ ಅವರಿಗೆ ಮೊದಲೇ ಗೊತ್ತಿರಬೇಕು, ಅದು ಅವರ ಹಕ್ಕು.

ಈಗ ನನಗೆ ಅತಿ ಇಷ್ಟದ ಭಾಗ!

ಐದನೇ ದಿನ ಭ್ರೂಣದ ಹೊರ ಪದರದಿಂದ ಕೆಲವು ಕೋಶ ತೆಗೆದು ಕ್ರೋಮೋಸೋಮು ಎಣಿಸುತ್ತಾರೆ. 46 ಇರಬೇಕು. ಕೆಲವು ಭ್ರೂಣಗಳಲ್ಲಿ ಕೆಲವು ಕೋಶ ಸರಿ, ಕೆಲವು ತಪ್ಪು. ಇವನ್ನು ಮೊಸಾಯಿಕ್ ಭ್ರೂಣ ಎನ್ನುತ್ತಾರೆ. ವರ್ಷಗಟ್ಟಲೆ ಇವನ್ನು ಎಸೆದರು. ರೋಮಿನ ವೈದ್ಯರು ಮಾತ್ರ, ಬೇರೆ ಭ್ರೂಣವೇ ಉಳಿಯದ 18 ಹೆಂಗಸರಿಗೆ, ಅವರ ಒಪ್ಪಿಗೆ ಪಡೆದು ಇಂಥ ಭ್ರೂಣಗಳನ್ನೇ ಹಾಕಿದರು. ಎಷ್ಟು ಮಕ್ಕಳು ಹುಟ್ಟಿರಬೇಕು? ಒಂದೂ ಇಲ್ಲ ಎನ್ನುತ್ತೀರಾ?

ಆರು! ಆರೂ ಆರೋಗ್ಯವಂತ ಮಕ್ಕಳು! 2015ರಲ್ಲಿ ಈ ಸುದ್ದಿ ಬಂದಾಗ ಜಗತ್ತಿನ ಐವಿಎಫ್ ಲ್ಯಾಬುಗಳೆಲ್ಲ ಬೆಚ್ಚಿಬಿದ್ದವು.

ತಪ್ಪು ಕೋಶಗಳು ಎಲ್ಲಿ ಹೋದವು? ಕೇಂಬ್ರಿಜ್‌ನ ಮಗ್ದಲೇನಾ ಜೆರ್ನಿಕಾ-ಗೋಟ್ಸ್ ಎಂಬ ಭ್ರೂಣವಿಜ್ಞಾನಿಗೆ ಇದು ಬರೀ ಲ್ಯಾಬಿನ ಪ್ರಶ್ನೆ ಆಗಿರಲಿಲ್ಲ. 44ನೇ ವಯಸ್ಸಿನಲ್ಲಿ ಬಸಿರಾದಾಗ ಆಕೆಯ ಪರೀಕ್ಷೆಯಲ್ಲೇ ಬಂದಿತ್ತು: ಮಾಸಿನಿಂದ ತೆಗೆದ ಕೋಶಗಳಲ್ಲಿ ಸುಮಾರು ಕಾಲು ಭಾಗ ದೋಷಪೂರಿತ! ಆಕೆ ಬಸಿರನ್ನು ಉಳಿಸಿಕೊಂಡರು. ಮಗ ಆರೋಗ್ಯವಾಗಿ ಹುಟ್ಟಿದ. ಆಮೇಲೆ ಇಲಿ ಭ್ರೂಣಗಳಲ್ಲಿ ಸರಿ ಕೋಶ, ತಪ್ಪು ಕೋಶ ಬೆರೆಸಿ ನೋಡಿದರು. ಕಂಡದ್ದೇನು? ಮಗುವಾಗುವ ಭಾಗದಲ್ಲಿದ್ದ ತಪ್ಪು ಕೋಶಗಳು ತಾವಾಗಿಯೇ ಸಾಯುತ್ತಿದ್ದವು! ಸರಿ ಕೋಶಗಳು ಹೆಚ್ಚಿ ಆ ಜಾಗ ತುಂಬುತ್ತಿದ್ದವು! ಕಣ್ಣಿಗೆ ಕಾಣದ ಚುಕ್ಕೆಗೆ ಇಷ್ಟೊಂದು ತಿಳಿವಳಿಕೆ! ಯಾವ ಡಾಕ್ಟರೂ ಹೇಳಿಕೊಟ್ಟಿಲ್ಲ!

ಐವಿಎಫ್ ರೋಗ ತರುತ್ತದೆಯೇ ಎಂದು ಕೇಳುತ್ತಾ ಬಂದೆವು. ರೋಗ ತಡೆಯುವುದಕ್ಕೂ ಅದೇ ದಾರಿ ಎಂದರೆ? 1990ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಆಲನ್ ಹ್ಯಾಂಡಿಸೈಡ್ ಮೂರು ದಿನದ ಭ್ರೂಣದಿಂದ ಒಂದೇ ಒಂದು ಕೋಶ ಎತ್ತಿ ಪರೀಕ್ಷಿಸಿದರು. ಗಂಡುಮಕ್ಕಳಿಗೆ ಮಾತ್ರ ಬರುವ ಘೋರ ಕಾಯಿಲೆ ಇದ್ದ ಕುಟುಂಬಗಳವು. ಆ ಕಾಯಿಲೆ ಬರದ ಭ್ರೂಣ ಆರಿಸಿದರು. ಇಬ್ಬರು ತಾಯಂದಿರೂ ಅವಳಿ ಬಸಿರಾದರು! ನಮ್ಮಲ್ಲಿ ಭ್ರೂಣದ ಲಿಂಗ ನೋಡಿ ಆಯ್ಕೆ ಮಾಡುವುದು ಅಪರಾಧ, ಅದಕ್ಕೆ ಕಾರಣ ಎಲ್ಲರಿಗೂ ಗೊತ್ತಿದೆ. ಕಾನೂನು ಒಪ್ಪುವುದು ಗಂಭೀರ ಕಾಯಿಲೆಗಳ ವಿಷಯದಲ್ಲಿ ಮಾತ್ರ.

2025ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಿಂದ ಬಂದ ಸುದ್ದಿ ನೋಡಿ. ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾದ ಮಾರಕ ಕಾಯಿಲೆ ದಾಟಿಸಬಹುದಾಗಿದ್ದ ತಾಯಂದಿರಿಗೆ ಎಂಟು ಮಕ್ಕಳು, ನಾಲ್ಕು ಗಂಡು, ನಾಲ್ಕು ಹೆಣ್ಣು! ಮೂವರ ಡಿಎನ್‌ಎ! ಅಂಡಾಣು ದಾನ ಮಾಡಿದ ಮೂರನೆಯಾಕೆ ಕೊಟ್ಟದ್ದು ಬರೀ 37 ಜೀನ್. ಮಗುವಿನ ರೂಪ, ಬಣ್ಣ, ಎತ್ತರ ನಿರ್ಧರಿಸುವ ಸುಮಾರು 20,000 ಜೀನ್ ಹೆತ್ತವರದೇ.

ನಮ್ಮ ದೇಶದ್ದು? ಅಹಮದಾಬಾದ್. ಒಬ್ಬ ಪುಟ್ಟ ಹುಡುಗನಿಗೆ ಥಲಸ್ಸೇಮಿಯಾ. ಆರು ವರ್ಷಕ್ಕೆ 80 ಸಲ ರಕ್ತ ಏರಿಸಿದ್ದರು! ಮನೆಯಲ್ಲಿ ಯಾರ ಅಸ್ಥಿಮಜ್ಜೆಯೂ ಹೊಂದಲಿಲ್ಲ. ಐವಿಎಫ್‌ನಲ್ಲಿ ಭ್ರೂಣ ಪರೀಕ್ಷಿಸಿ, ರೋಗವಿಲ್ಲದ, ಅಣ್ಣನಿಗೆ ಹೊಂದುವ ತಂಗಿ 2018ರಲ್ಲಿ ಹುಟ್ಟಿದಳು. 2020ರ ಮಾರ್ಚ್‌ನಲ್ಲಿ ಅವಳ ಮಜ್ಜೆ ಅಣ್ಣನಿಗೆ ಸೇರಿತು. ಹುಡುಗನಿಗೆ ರಕ್ತ ಏರಿಸುವುದು ನಿಂತಿತು! ಆ ಕಸಿ ಘಟಕ ನಡೆಸಿದ್ದು ನಮ್ಮ ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳ ವಿವರ ಸಂಗ್ರಹಿಸಿದಾಗ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗೆ ಆಗಿತ್ತು. ಸೋದರಮಾವ, ಅತ್ತೆ ಮಗ, ಮಾವನ ಮಗಳು. ಒಂದೇ ಅಜ್ಜನ ಅಡಗಿದ ದೋಷ ಗಂಡಹೆಂಡತಿ ಇಬ್ಬರಲ್ಲೂ ಇದ್ದರೆ, ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ತಟ್ಟೆಯಲ್ಲಿ ಹುಟ್ಟಲಿ, ಹಾಗೇ ಹುಟ್ಟಲಿ!

ನೀವೋ ನಿಮ್ಮವರೋ ಈ ಚಿಕಿತ್ಸೆಗೆ ಹೊರಟಿದ್ದರೆ ದಯವಿಟ್ಟು ನಾಲ್ಕು ಮಾತು ಬಾಯಿ ಬಿಟ್ಟು ಕೇಳಿ. ಇಬ್ಬರಿಗೂ ಥಲಸ್ಸೇಮಿಯಾ ರಕ್ತಪರೀಕ್ಷೆ ಆಗಿದೆಯೇ? ಗಂಡನ ವೀರ್ಯಾಣು ಮಿಲಿಲೀಟರಿಗೆ 50 ಲಕ್ಷಕ್ಕಿಂತ ಕಡಿಮೆ ಇದ್ದರೆ, ಇಕ್ಸಿಗೆ ಮುಂಚೆ ಕ್ರೋಮೋಸೋಮು ಮತ್ತು ವೈ ಪರೀಕ್ಷೆ ಮಾಡಿಸುತ್ತೀರಾ? ಸಂಬಂಧದಲ್ಲೇ ಮದುವೆಯಾಗಿದ್ದರೆ ವಂಶವಾಹಿ ತಜ್ಞರನ್ನು ಕಾಣಿಸುತ್ತೀರಾ? ಒಂದೇ ಭ್ರೂಣ ಹಾಕಲು ಸಾಧ್ಯವೇ? ಏಕೆಂದರೆ ಐವಿಎಫ್ ಮಕ್ಕಳನ್ನು ಹೆಚ್ಚು ಕಾಡಿದ್ದು ಕೆಟ್ಟ ಜೀನ್ ಅಲ್ಲ. ಎರಡು ಮೂರು ಭ್ರೂಣ ಹಾಕಿ ಅವಳಿ, ತ್ರಿವಳಿಯಾಗಿ, ದಿನ ತುಂಬುವ ಮೊದಲೇ ಹುಟ್ಟಿದ್ದು!

ಈ ಪ್ರಶ್ನೆಗಳನ್ನು ಮೊದಲ ಭೇಟಿಯಲ್ಲೇ ಕೇಳಿ. ಚುಚ್ಚುಮದ್ದು ಶುರುವಾದ ಮೇಲೆ ಕೇಳಿದರೆ ತಡವಾಗುತ್ತದೆ.